ಕತ್ತು ಕಲಿಸಿದ ಪಾಠ



ಮೂರು ದಶಕಕ್ಕೂ ಹೆಚ್ಚು ಕಾಲ ಬ್ಯಾಂಕಿನಲ್ಲಿ ಕತ್ತು ಬಗ್ಗಿಸಿ ಲೆಡ್ಜರ್ ನೋಡಿದವನು ನಾನು. ನಿವೃತ್ತಿಯ ನಂತರ ರಕ್ತದಲ್ಲಿ ಸಕ್ಕರೆ ಏರಿತು. ಡಾಕ್ಟರು ವ್ಯಾಯಾಮ ಮಾಡಿ ಎಂದರು. ಮರುದಿನವೇ ನಮ್ಮ ಹೌಸಿಂಗ್ ಸೊಸೈಟಿಯ ಜಿಮ್‌ಗೆ ಹೋದೆ. ಪಕ್ಕದ ಹುಡುಗರನ್ನು ನೋಡಿ ಡಂಬೆಲ್ ಎತ್ತಿದೆ. ಹೊಟ್ಟೆ ಕರಗಿಸಲು ತಲೆಯ ಹಿಂದೆ ಕೈ ಹೆಣೆದು, ಮಲಗಿ ಏಳುವ ವ್ಯಾಯಾಮವನ್ನೂ ಮಾಡಿದೆ. ಒಂಬತ್ತನೆಯ ದಿನ ಬೆಳಿಗ್ಗೆ ಕತ್ತು ಬಲಕ್ಕೆ ತಿರುಗಲಿಲ್ಲ. “ಮೂವತ್ತು ವರ್ಷದ ಬಾಕಿಯನ್ನು ಒಂದೇ ವಾರದಲ್ಲಿ ವಸೂಲು ಮಾಡೋಕೆ ಹೊರಟಿರಲ್ಲ ರೀ!” ಎಂದಳು ನನ್ನಾಕೆ.

ಫಿಸಿಯೋಥೆರಪಿಸ್ಟ್ ಕಾರಣ ವಿವರಿಸಿದರು. ತಲೆಯ ತೂಕ ಸುಮಾರು 5 ಕಿಲೋ. ಕತ್ತಿನ 7 ಮೂಳೆಗಳು ಮತ್ತು ಸುತ್ತಲಿನ ಸ್ನಾಯುಗಳು ಅದನ್ನು ದಿನವಿಡೀ ಹೊರುತ್ತವೆ. ಮಲಗಿ ಏಳುವಾಗ ನಾನು ಹೊಟ್ಟೆಯ ಬಲ ಬಳಸದೆ ಕೈಯಿಂದ ತಲೆಯನ್ನೇ ಎಳೆಯುತ್ತಿದ್ದೆ. ಡಂಬೆಲ್ ಎತ್ತುವಾಗ ಭುಜವನ್ನು ಕಿವಿಯವರೆಗೆ ಏರಿಸುತ್ತಿದ್ದೆ. ತೋಳಿನ ಖರ್ಚೆಲ್ಲ ಕತ್ತಿನ ಖಾತೆಗೆ ಬೀಳುತ್ತಿತ್ತು!

ನಾನು ಕಲಿತದ್ದು ಇಷ್ಟು:

1. ನೋವು ತಂದ ವ್ಯಾಯಾಮ ನಿಲ್ಲಿಸಿ, ಓಡಾಟ ನಿಲ್ಲಿಸಬೇಡಿ. ಹಾಸಿಗೆ ಹಿಡಿದರೆ ಕತ್ತು ಇನ್ನಷ್ಟು ಬಿಗಿಯುತ್ತದೆ. ಸಹಿಸುವಷ್ಟು ಮಾತ್ರ ನಿಧಾನವಾಗಿ ಅತ್ತಿತ್ತ ತಿರುಗಿಸುತ್ತಿರಿ.

2. ಬಟ್ಟೆ ಸುತ್ತಿದ ಬಿಸಿನೀರಿನ ಚೀಲದಿಂದ 15 ನಿಮಿಷ ಶಾಖ ಕೊಡಿ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು ಇರುವವರಿಗೆ ಕೆಲವು ನೋವಿನ ಮಾತ್ರೆಗಳು ಆಗಿಬರುವುದಿಲ್ಲ. ವೈದ್ಯರನ್ನು ಕೇಳಿಯೇ ನುಂಗಿ.

3. ಕ್ಷೌರದಂಗಡಿಯಲ್ಲಿ ಕತ್ತಿನ ನೆಟಿಗೆ ಮುರಿಸಬೇಡಿ. ಮೆದುಳಿಗೆ ರಕ್ತ ಒಯ್ಯುವ ನಾಳಗಳು ಅಲ್ಲಿಯೇ ಹಾದುಹೋಗುತ್ತವೆ.

4. ನೋವು ಇಳಿದ ಮೇಲೆ ನೇರವಾಗಿ ಕುಳಿತು, ತಲೆ ಬಗ್ಗಿಸದೆ ಗಲ್ಲವನ್ನು ಹಿಂದಕ್ಕೆ ಸರಿಸಿ, 5 ಸೆಕೆಂಡ್ ಹಿಡಿದು ಬಿಡಿ. ಹೀಗೆ 10 ಸಲ. ಜಿಮ್‌ಗೆ ಮರಳುವಾಗ ಅರ್ಧ ತೂಕದಿಂದ ಆರಂಭಿಸಿ. ಒಂದು ವಾರ ನೋವಿಲ್ಲದಿದ್ದರೆ ಮಾತ್ರ ಸ್ವಲ್ಪ ಹೆಚ್ಚಿಸಿ.

ನೋವು ತೋಳಿಗೆ ಇಳಿದರೆ, ಬೆರಳು ಜೋಮು ಹಿಡಿದರೆ ಬೇಗ ವೈದ್ಯರನ್ನು ಕಾಣಿ. ಕೈಹಿಡಿತ ಸಡಿಲವಾದರೆ, ನಡಿಗೆ ತಪ್ಪಿದರೆ, ಮಲಮೂತ್ರದ ಹತೋಟಿ ಹೋದರೆ, ಬಿದ್ದು ಪೆಟ್ಟಾಗಿದ್ದರೆ, ಜ್ವರದೊಂದಿಗೆ ಕತ್ತು ಸೆಟೆದರೆ ಒಂದು ದಿನವೂ ಕಾಯಬೇಡಿ. ಎದೆ ಬಿಗಿತ, ಬೆವರು ಜೊತೆಗಿದ್ದರೆ ಅದು ಹೃದಯದ ಕರೆ; ಕೂಡಲೇ ಆಸ್ಪತ್ರೆಗೆ ಹೋಗಿ.

ಮೂರು ವಾರದಲ್ಲಿ ನಾನು ಗುಣವಾದೆ. ಆದರೆ ಅದೇ ಕ್ಲಿನಿಕ್ಕಿನ ಬೆಂಚಿನ ಮೇಲೆ ನಮ್ಮೂರ ಕಡೆಯ ಹುಡುಗನೊಬ್ಬ ಪರಿಚಯವಾಗಿದ್ದ. ಹೋಟೆಲಿನಲ್ಲಿ ದಿನವಿಡೀ ಬಗ್ಗಿ ಪಾತ್ರೆ ತೊಳೆಯುವ ಕೆಲಸ. ಕತ್ತುನೋವು, ಜೊತೆಗೆ ಎಡಗೈ ಬೆರಳುಗಳಲ್ಲಿ ಜೋಮು. “ಬಂದ ದಿನ ಸಂಬಳ ಇಲ್ಲ ಸಾರ್, ಮೇಲೆ ಫೀಸು ಬೇರೆ” ಎಂದ. ಎರಡನೆಯ ವಾರದಿಂದ ಅವನು ಬರಲೇ ಇಲ್ಲ. ನನಗೆ ಪಿಂಚಣಿ ಇತ್ತು, ಬಿಡುವಿತ್ತು. ಅವನಿಗೆ ಎರಡೂ ಇರಲಿಲ್ಲ. ಅಂದೇ ವಿಳಾಸ ಕೇಳಿಕೊಳ್ಳಲಿಲ್ಲವಲ್ಲ ಎಂಬ ಕೊರಗು ನನಗೆ ಇಂದಿಗೂ ಇದೆ.

ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಇಂಥ ಚಿಕಿತ್ಸೆಗೆ ಮೆಡಿಕ್ಲೈಮ್ ಸಾಮಾನ್ಯವಾಗಿ ಒದಗುವುದಿಲ್ಲ. ಶಸ್ತ್ರಚಿಕಿತ್ಸೆಗೆ ನಾವು ಧಾರಾಳವಾಗಿ ಕೊಡುತ್ತೇವೆ. ಶಸ್ತ್ರಚಿಕಿತ್ಸೆಯನ್ನೇ ತಪ್ಪಿಸಬಹುದಾದ ಈ ಸಣ್ಣ ಖರ್ಚು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಸಂಘದ ವೈದ್ಯಕೀಯ ನೆರವು ನಿಧಿಗೆ ಈ ಸಲ ಕೊಡುವಾಗ ಅದಕ್ಕೂ ಒಂದು ಪಾಲು ಇಡಿ ಎಂದು ಕೈಮುಗಿದು ಕೇಳುತ್ತೇನೆ. ಅಂಥವರು ನಿಮ್ಮ ಕಣ್ಣಿಗೆ ಬಿದ್ದರೆ ಸಂಘದ ಕಚೇರಿಗೆ ಕರೆತನ್ನಿ.

ನಿಮ್ಮವ,
ಮುಂಬಯಿಯ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ