ಸೋಲಿನ ಕಣ್ಣೀರು, ಗೆಲುವಿನ ಕಣ್ಣೀರು

ಮೆಚ್ಚಿನ ತಂಡ ಸೋತಾಗ ನಿಮ್ಮ ಮನೆಯ ಮಗ ಅತ್ತದ್ದನ್ನು ಎಂದಾದರೂ ಕಂಡಿದ್ದೀರಾ? ಇದೂ ಒಂದು ಅಳುವ ವಿಷಯವೇ ಎಂದು ಗದರಿದ್ದೀರಾ? ಹಾಗೆ ಗದರಿದವರಲ್ಲಿ ನಾನೂ ಒಬ್ಬ.

2018ರ ಮಾರ್ಚ್ 18, ಭಾನುವಾರ. ನಾಗಸಂದ್ರದ ನಮ್ಮ ಮಕ್ತಬ್‌ನಲ್ಲಿ ಫಜ್ರ್ ನಮಾಝಿನ ಬಳಿಕ ಪಾಠಕ್ಕೆ ಕುಳಿತಿದ್ದೆವು. ಒಬ್ಬ ವಿದ್ಯಾರ್ಥಿಯ ಕಣ್ಣುಗಳು ಊದಿಕೊಂಡಿದ್ದವು. ಮನೆಯಲ್ಲಿ ಏನು ಅನಾಹುತವಾಯಿತೋ ಎಂದು ಗಾಬರಿಯಿಂದ ಕೇಳಿದೆ.

"ಇಲ್ಲ ಹಜ್ರತ್, ನಿನ್ನೆ ಬೆಂಗಳೂರು ಎಫ್‌ಸಿ ಸೋತಿತು" ಎಂದ.

ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ. ಕಾಲ್ಚೆಂಡಿಗೆ ಸುರಿಸಿದ ಕಣ್ಣೀರನ್ನು ಅಲ್ಲಾಹನ ಭಯದಿಂದ ಸುರಿಸಬಾರದಿತ್ತೇ ಎಂದುಬಿಟ್ಟೆ. ಹುಡುಗ ತಲೆ ತಗ್ಗಿಸಿದ. ಮುಂದಿನ ಮೂರು ದಿನ ಪಾಠಕ್ಕೆ ಬರಲಿಲ್ಲ.

ಅವನು ಕಂಡದ್ದಾದರೂ ಏನು? ಅಣ್ಣನೊಡನೆ ನಾಗಸಂದ್ರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಕಂಠೀರವ ಕ್ರೀಡಾಂಗಣ ಸೇರಿದ್ದ. ಅಂದು ಇಂಡಿಯನ್ ಸೂಪರ್ ಲೀಗ್‌ನ ಅಂತಿಮ ಪಂದ್ಯ. ಬೆಂಗಳೂರು ತಂಡ ಲೀಗ್ ಹಂತದಲ್ಲಿ ಎಲ್ಲರಿಗಿಂತ ಮೇಲಿತ್ತು. ಅಂತಿಮ ಪಂದ್ಯ ಸ್ವಂತ ಅಂಗಳದಲ್ಲಿಯೇ. ಒಂಬತ್ತನೆಯ ನಿಮಿಷದಲ್ಲಿ ನಾಯಕ ಸುನಿಲ್ ಛೆಟ್ರಿ ಗೋಲು ಹೊಡೆದಾಗ ಕ್ರೀಡಾಂಗಣವೇ ಎದ್ದು ನಿಂತಿತು. ಆದರೆ ಚೆನ್ನೈಯಿನ್ ತಂಡ ಮೂರು ಗೋಲು ಹೊಡೆದು 3-2ರಿಂದ ಕಪ್ ಕೊಂಡೊಯ್ದಿತು.

ಒಂಟೆಯ ಓಟ

ಹುಡುಗ ಬಾರದಿದ್ದ ಆ ದಿನಗಳಲ್ಲಿ ಹದೀಸ್ ಪಾಠಕ್ಕಾಗಿ ಬುಖಾರಿ ತೆರೆದಿದ್ದೆ. ಹಝ್ರತ್ ಅನಸ್(ರ) ವರದಿ ಮಾಡಿದ ಒಂದು ಘಟನೆ ಕಣ್ಣಿಗೆ ಬಿತ್ತು. ಪ್ರವಾದಿವರ್ಯರ(ಸ) ಬಳಿ ಅದ್‌ಬಾ ಎಂಬ ಹೆಣ್ಣೊಂಟೆ ಇತ್ತು. ಓಟದಲ್ಲಿ ಅದನ್ನು ಮೀರಿಸಿದವರಿರಲಿಲ್ಲ. ಒಮ್ಮೆ ಹಳ್ಳಿಗಾಡಿನ ಒಬ್ಬ ಅರಬನು ಎಳೆಯ ಒಂಟೆಯೇರಿ ಬಂದು ಅದನ್ನು ಹಿಂದಿಕ್ಕಿದ. ಸಹಾಬಿಗಳಿಗೆ ಅದು ಬಹಳ ನೋವಾಯಿತು. ಆ ನೋವನ್ನು ಪ್ರವಾದಿವರ್ಯರು(ಸ) ಅವರ ಮುಖದಲ್ಲಿ ಗುರುತಿಸಿದರು. ಈ ಲೋಕದಲ್ಲಿ ಮೇಲೇರಿದ ಪ್ರತಿಯೊಂದನ್ನೂ ಕೆಳಗಿಳಿಸುವುದು ಅಲ್ಲಾಹನ ಕ್ರಮ ಎಂದು ತಿಳಿಸಿದರು.

ಓದುಗರೇ, ಗಮನಿಸಿ. ಒಂಟೆಯ ಸೋಲಿಗೆ ದುಃಖಿಸುವುದೇ ಎಂದು ಅವರು ಗದರಲಿಲ್ಲ. ನಗಲಿಲ್ಲ. ಮೊದಲು ಮುಖ ನೋಡಿ ನೋವನ್ನು ಅರಿತರು, ಅನಂತರ ಪಾಠ ಹೇಳಿದರು. ನಾನಾದರೋ ಮೊದಲು ನಕ್ಕಿದ್ದೆ.

ಅಂದು ಸಂಜೆಯೇ ಹುಡುಗನ ಮನೆಗೆ ಹೋಗಿ ಕ್ಷಮೆ ಕೇಳಿ ಈ ಘಟನೆ ಹೇಳಿದೆ. "ಸಹಾಬಿಗಳೂ ಅತ್ತರೇ ಹಜ್ರತ್?" ಎಂದು ಕೇಳಿದ. ಅತ್ತರೆಂದು ಹದೀಸಿನಲ್ಲಿಲ್ಲ, ನೋವಾಯಿತೆಂದಿದೆ ಎಂದೆ. ಅವನಿಗೆ ಅಷ್ಟೇ ಸಾಕಾಯಿತು. ಮರುದಿನ ಬಂದ.

ಕಠಿಣವಾದ ಪರೀಕ್ಷೆ

ಸರಿಯಾಗಿ ಒಂದು ವರ್ಷ ಕಳೆಯಿತು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಅದೇ ತಂಡ ಮತ್ತೆ ಅಂತಿಮ ಪಂದ್ಯಕ್ಕಿಳಿಯಿತು. ಹೆಚ್ಚುವರಿ ಅವಧಿಯ 117ನೆಯ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಏಕೈಕ ಗೋಲು ಗೋವಾ ತಂಡವನ್ನು ಸೋಲಿಸಿತು. ಆ ರಾತ್ರಿ ಹುಡುಗ ಸಂತೋಷದಿಂದ ಅತ್ತನಂತೆ.

ಮರುದಿನ ಫಜ್ರ್‌ಗೆ ಅವನು ಬರಲಿಲ್ಲ. ಸೋತ ರಾತ್ರಿ ಅತ್ತವನು ನಮಾಝ್ ತಪ್ಪಿಸಿರಲಿಲ್ಲ, ಗೆದ್ದ ರಾತ್ರಿ ಕುಣಿದವನು ತಪ್ಪಿಸಿದ್ದ.

ಕಳೆದುಹೋದುದಕ್ಕೆ ಎದೆಗುಂದಬಾರದು, ದೊರೆತುದಕ್ಕೆ ಬೀಗಬಾರದು ಎಂದು ಅಲ್‌ಹದೀದ್ ಅಧ್ಯಾಯದ 23ನೆಯ ಸೂಕ್ತ ಕಲಿಸುತ್ತದೆ. ನಾವು ಅದರ ಮೊದಲರ್ಧವನ್ನು ಮಾತ್ರ ಮಕ್ಕಳಿಗೆ ಹೇಳುತ್ತೇವೆ. ದುಃಖದಲ್ಲಿ ಮನುಷ್ಯನು ತಾನಾಗಿಯೇ ಅಲ್ಲಾಹನ ಕಡೆಗೆ ತಿರುಗುತ್ತಾನೆ. ಸಂತೋಷದಲ್ಲಿ ಅವನನ್ನು ತಿರುಗಿಸುವವರು ಬೇಕು.

2025ರ ಜೂನ್ 3ರಂದು ಬೆಂಗಳೂರಿನ ಕ್ರಿಕೆಟ್ ತಂಡ ಹದಿನೆಂಟನೆಯ ಆವೃತ್ತಿಯಲ್ಲಿ ಮೊದಲ ಬಾರಿಗೆ ಐಪಿಎಲ್ ಕಪ್ ಗೆದ್ದಾಗ ವಿರಾಟ್ ಕೊಹ್ಲಿಯವರೇ ಮೈದಾನದಲ್ಲಿ ಅತ್ತರು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತರು. ತೀರಿಕೊಂಡವರನ್ನು ದೂರುವುದು ನಮ್ಮ ಕೆಲಸವಲ್ಲ. ಅವರು ಪ್ರೀತಿಯಿಂದ ಹೋದವರು. ಆದರೆ ಸಂಭ್ರಮದ ನಡುವೆಯೂ ಪಕ್ಕದವನ ಜೀವದ ಅರಿವಿರಬೇಕೆಂಬುದನ್ನು ನಮ್ಮ ಮಕ್ಕಳಿಗೆ ಹೇಳದಿದ್ದರೆ ನಾವು ಹೊಣೆಗಾರರು.

ಹೆತ್ತವರಲ್ಲಿ ಒಂದು ಮಾತು

ಆಟ ಹರಾಮ್ ಎಂದು ಆತುರದ ತೀರ್ಪು ಕೊಡಬೇಡಿ. ಪ್ರವಾದಿವರ್ಯರು(ಸ) ಹಝ್ರತ್ ಆಯಿಶಾರೊಡನೆ(ರ) ಓಟದ ಪಂದ್ಯದಲ್ಲಿ ಒಮ್ಮೆ ಸೋತರು, ಇನ್ನೊಮ್ಮೆ ಗೆದ್ದು, ಅಂದಿನದಕ್ಕೆ ಇಂದು ಸಮವಾಯಿತೆಂದು ವಿನೋದ ಮಾಡಿದರು. ಕಣ್ಣೀರನ್ನೂ ಹೀಗಳೆಯಬೇಡಿ. ಪುತ್ರ ಇಬ್ರಾಹೀಮ್ ಕಣ್ಮುಚ್ಚುವಾಗ ಅವರ ಕಣ್ಣುಗಳೂ ತುಂಬಿದ್ದವು. ಅಲ್ಲಾಹನಿಗೆ ಮೆಚ್ಚಿಕೆಯಾಗದ ಮಾತು ಮಾತ್ರ ಬಾಯಿಂದ ಹೊರಡಲಿಲ್ಲ. ಆ ದುಃಖಕ್ಕೂ ಆಟದ ದುಃಖಕ್ಕೂ ಹೋಲಿಕೆಯಿಲ್ಲ, ಆದರೆ ನಾಲಿಗೆಯ ಎಲ್ಲೆ ಎರಡಕ್ಕೂ ಒಂದೇ.

ಆದ್ದರಿಂದ ಮಗ ಅತ್ತಾಗ ಪಕ್ಕದಲ್ಲಿ ಕುಳಿತು ಕೇಳಿ: ಎದುರು ತಂಡದವರನ್ನು, ಅವರ ಊರನ್ನು, ಭಾಷೆಯನ್ನು ಬೈದೆಯಾ? ಇಶಾ ನಮಾಝ್ ಆಯಿತೇ? ಗೆದ್ದು ಕುಣಿದಾಗಲೂ ಇದನ್ನೇ ಕೇಳಿ. ಬೀದಿಯಲ್ಲಿ ಕಾಯಿಲೆಯವರಿದ್ದಾರೆ, ಪಟಾಕಿ ಬೇಡ ಎನ್ನಿ. ಬೆಳಗ್ಗೆ ಫಜ್ರ್‌ಗೆ ನೀವೇ ಎಬ್ಬಿಸಿ ಕರೆದೊಯ್ಯಿರಿ.

ಸೋಲಿನಲ್ಲಿ ಸಹನೆಯನ್ನೂ ಗೆಲುವಿನಲ್ಲಿ ವಿನಯವನ್ನೂ ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.