ಮೀನಖಂಡ ಅದುರಿದರೆ

ಮೀನಖಂಡ, ಕಣ್ಣುರೆಪ್ಪೆ, ಹೆಬ್ಬೆರಳ ಬುಡ ತಾನಾಗಿ ಅದುರುವುದು ಬಹುಪಾಲು ನಿರಪಾಯಕಾರಿ. ಕೆಲವರಲ್ಲಿ ತಿಂಗಳುಗಟ್ಟಲೆ ಇರುತ್ತದೆ. ನಿದ್ದೆಗೇಡು, ದಣಿವು, ಅತಿಯಾದ ಕಾಫಿ ಇದನ್ನು ಕೆರಳಿಸುತ್ತವೆ. ನಸುಕಿಗೇ ಮಾಲೂರಿನಲ್ಲಿ ಬೆಂಗಳೂರಿನ ರೈಲು ಹಿಡಿಯುವವರಿಗೂ ಕೋಲಾರದ ಟೊಮೆಟೊ ಮಂಡಿಯಲ್ಲಿ ಕ್ರೇಟ್ ಇಳಿಸುವವರಿಗೂ ಇವು ಹೊಸವಲ್ಲ.

ಎಡಗಣ್ಣೋ ಬಲಗಣ್ಣೋ ಎಂಬ ಶಕುನದ ಭಯವೇ ವಾಸಿ. ಮೊಬೈಲಿನಲ್ಲಿ ಹುಡುಕಿ ತಂದುಕೊಳ್ಳುವ ನರರೋಗದ ಭಯ ಅದಕ್ಕಿಂತ ಕೆಟ್ಟದ್ದು. ಹೆದರಿದಷ್ಟೂ ಅದುರುತ್ತದೆ, ಅದುರಿದಷ್ಟೂ ಗಮನವೆಲ್ಲ ಕಾಲಿನ ಮೇಲೆಯೇ. ಪದೇಪದೇ ಸ್ನಾಯು ಒತ್ತಿ ನೋಡುವ ಚಟ ಬಿಟ್ಟರೆ ಅರ್ಧ ಗೆದ್ದಂತೆ.

ಅಂಗಿಯ ಗುಂಡಿ ಹಾಕಲಾಗದಷ್ಟು ಕೈ ಸೋತರೆ, ನಡೆಯುವಾಗ ಪಾದ ಎಡವಿದರೆ, ಸ್ನಾಯು ಸೊರಗಿದರೆ, ಮಾತು ತೊದಲಿದರೆ, ನುಂಗಲು ಕಷ್ಟವಾದರೆ ಮಾತ್ರ ತಡಮಾಡದೆ ಕೋಲಾರದ ಎಸ್‌.ಎನ್‌.ಆರ್. ಜಿಲ್ಲಾಸ್ಪತ್ರೆಯಲ್ಲಿ ತೋರಿಸಬೇಕು. ವೈದ್ಯರು ಏನಿಲ್ಲವೆಂದ ಮೇಲೂ ಆತಂಕ ಬಿಡದಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.