ಗರಿಫುನಾ ಜನರ ನಿತ್ಯಜೀವನದಲ್ಲಿ ವಾದ್ಯ, ಗೀತ, ನೃತ್ಯ

ಸಂಗೀತವೆಂದೊಡನೆ ವೇದಿಕೆ, ಕಲಾವಿದ, ಶ್ರೋತೃವೃಂದ ಎಂಬ ಮೂರು ಸಂಗತಿಗಳು ನಮ್ಮ ಕಣ್ಣಮುಂದೆ ಬರುತ್ತವೆ. ಈ ಮೂರರ ಹಂಗಿಲ್ಲದೆ ಹಾಡು ಕುಣಿತಗಳನ್ನು ಬಾಳಿನೊಳಗೇ ಇರಿಸಿಕೊಂಡು ಬಂದ ಜನಾಂಗಗಳಲ್ಲಿ ಮಧ್ಯ ಅಮೆರಿಕದ ಗರಿಫುನಾ ಜನಾಂಗವೂ ಒಂದು. ಬೆಲೀಝ್, ಗ್ವಾಟೆಮಾಲ, ಹೊಂಡುರಾಸ್, ನಿಕರಾಗುವ ದೇಶಗಳ ಕೆರಿಬಿಯನ್ ಕರಾವಳಿಯಲ್ಲಿ ಇವರ ಗ್ರಾಮಗಳಿವೆ.

ಸೇಂಟ್ ವಿನ್ಸೆಂಟ್ ದ್ವೀಪದ ಮೂಲನಿವಾಸಿಗಳೊಡನೆ ಆಫ್ರಿಕದಿಂದ ಬಂದ ಜನರು ಬೆರೆತು ರೂಪುಗೊಂಡ ಸಮುದಾಯವಿದು. ಇವರ ಮುಖಂಡನಾದ ಜೋಸೆಫ್ ಚಟೋಯರ್ ಬ್ರಿಟಿಷರನ್ನು ಎದುರಿಸಿ 1795ರ ಮಾರ್ಚ್‌ನಲ್ಲಿ ಮಡಿದನು. ಅನಂತರ ಸೆರೆಸಿಕ್ಕ ಸಹಸ್ರಾರು ಜನರನ್ನು ಬಲಿಸೋ ಎಂಬ ಪುಟ್ಟ ದ್ವೀಪದಲ್ಲಿ ಕೂಡಿಹಾಕಲಾಯಿತು. ಅಲ್ಲಿ ರೋಗರುಜಿನಗಳಿಗೆ ಸುಮಾರು ಅರ್ಧದಷ್ಟು ಮಂದಿ ಬಲಿಯಾದರು. ಉಳಿದವರಲ್ಲಿ 2,000ಕ್ಕೂ ಮಿಕ್ಕ ಜನರನ್ನು 1797ರ ಏಪ್ರಿಲ್‌ನಲ್ಲಿ ಹೊಂಡುರಾಸಿನ ರೊವಾಟಾನ್ ದ್ವೀಪದಲ್ಲಿ ಇಳಿಸಿ ಹಡಗುಗಳು ಮರಳಿದವು. ನೆಲವನ್ನು ಕಳೆದುಕೊಂಡ ಆ ಜನರು ತಮ್ಮೊಡನೆ ತಂದುದು ನಾಲಗೆಯ ಮೇಲಿನ ಭಾಷೆ, ಕೈಬೆರಳುಗಳಲ್ಲಿನ ತಾಳ. ತಾಳದ ಮೂಲ ಬಹುಮಟ್ಟಿಗೆ ಆಫ್ರಿಕದ್ದು. ಭಾಷೆಯಾದರೋ ಅಮೆರಿಕದ ಮೂಲನಿವಾಸಿಗಳ ಅರವಾಕ್ ಕುಲಕ್ಕೆ ಸೇರಿದ್ದು. ಈ ಎರಡರ ಕೂಡುವಿಕೆಯೇ ಗರಿಫುನಾ ಹಾಡಿನ ವೈಶಿಷ್ಟ್ಯವೆಂದು ನನ್ನ ಭಾವನೆ.

ಇವರ ಮುಖ್ಯ ವಾದ್ಯವಾದ ಮದ್ದಳೆಗೆ ಗರವೂನ್ ಎಂದು ಹೆಸರು. ಗಟ್ಟಿ ಮರದ ಕೊರಡನ್ನು ಟೊಳ್ಳಾಗಿ ಕೊರೆದು, ಜಿಂಕೆ ಮುಂತಾದ ಪ್ರಾಣಿಗಳ ಚರ್ಮವನ್ನು ಹಗ್ಗಗಳಿಂದ ಬಿಗಿದು ಇದನ್ನು ಸಿದ್ಧಪಡಿಸುತ್ತಾರೆ. ಚರ್ಮದ ಮೇಲೆ ಅಡ್ಡಲಾಗಿ ಎಳೆದ ತಂತಿಗಳಿಂದ ಪ್ರತಿಯೊಂದು ಪೆಟ್ಟಿಗೂ ಒಂದು ಬಗೆಯ ಝೇಂಕಾರ ಕೂಡಿಕೊಳ್ಳುತ್ತದೆ. ನುಡಿಸುವುದು ಬರಿಗೈಯಿಂದ. ದೊಡ್ಡದಾದ ಸೆಗುಂಡಾ ಬದಲಾಗದ ತಾಳವನ್ನು ಹಿಡಿದಿರುತ್ತದೆ; ಚಿಕ್ಕದಾದ ಪ್ರಿಮೇರಾ ಅದರ ಮೇಲೆ ಸ್ವಚ್ಛಂದವಾಗಿ ವಿಹರಿಸುತ್ತದೆ. ಸೋರೆಬುರುಡೆಯ ಗಿಲಕಿಗಳು ಜೊತೆಗೂಡುತ್ತವೆ. ಪೂರ್ವಿಕರ ಆತ್ಮಗಳನ್ನು ಆಹ್ವಾನಿಸುವ ದುಗು ಎಂಬ ಆರಾಧನೆಯಲ್ಲಿ ಮಾತ್ರ ಮೂರು ಮದ್ದಳೆಗಳು. ನಡುವಿನದನ್ನು ಹೃದಯದ ಮದ್ದಳೆ ಎಂದೇ ಕರೆಯುತ್ತಾರೆ.

ಆದರೆ ನಿತ್ಯದ ಹಾಡಿಗೆ ಮದ್ದಳೆಯೇ ಬೇಕೆಂದಿಲ್ಲ. ಮರಗೆಣಸನ್ನು ಹಲಗೆಯ ಮೇಲೆ ತುರಿಯುವ ದೀರ್ಘ ಶ್ರಮದಲ್ಲಿ ತುರಿಯುವ ಸಪ್ಪಳವೇ ಹೆಂಗಸರ ಹಾಡಿಗೆ ತಾಳವಾಗುತ್ತಿತ್ತು. ಗಂಡಸರು ಕಾಡಿನಿಂದ ಮರದ ದಿಮ್ಮಿಗಳನ್ನು ಎಳೆಯುವಾಗ ಅವರದೇ ಹಾಡುಗಳು. ಅಬೈಮಹಾನಿ ಎಂಬ ಪ್ರಕಾರವಂತೂ ಕೇವಲ ಕಂಠಮಾತ್ರದ್ದು: ಹೆಂಗಸರು ಸಾಲಾಗಿ ನಿಂತು, ಕೈಗೆ ಕೈ ಕೋದು, ಒಟ್ಟಿಗೆ ತೂಗುತ್ತ ತಮ್ಮ ದುಃಖವನ್ನು ಹಾಡುತ್ತಾರೆ. ಗಂಡಸರಿಗೂ ಇಂಥದೇ ಅರುಮಹಾನಿ ಉಂಟು.

ಪುಂಟಾ ಎಂಬ ನೃತ್ಯದ ಬಗ್ಗೆ ತುಸು ನಿಧಾನವಾಗಿ ಹೇಳಬೇಕು. ಹೊರಗಿನವರು ಇದನ್ನು ಕೇವಲ ವಿಲಾಸದ ಕುಣಿತವೆಂದು ಬಗೆಯುವುದುಂಟು. ಅದರ ಸಹಜ ಸ್ಥಾನವಾದರೋ ಸಾವಿನ ಮನೆ. ಮೃತರ ಸ್ಮರಣೆಯ ಒಂಬತ್ತನೆಯ ರಾತ್ರಿ ಬಂಧುಬಾಂಧವರು ನೆರೆದು ಬೆಳಗಿನವರೆಗೂ ಎಚ್ಚರವಿದ್ದು, ಒಬ್ಬ ಗಂಡು ಒಬ್ಬ ಹೆಣ್ಣು ಎದುರುಬದುರಾಗಿ ಸ್ಪರ್ಧೆಯಿಂದ ಕುಣಿಯುತ್ತಾರೆ. ಜೀವದ ಮುಂದುವರಿಕೆಯನ್ನು ಸಾವಿನೆದುರಿಗೇ ಸಾರುತ್ತಾರೆ. ಹಾಡುಗಳನ್ನು ಕಟ್ಟುವವರು ಬಹುತೇಕ ಸ್ತ್ರೀಯರು. ನೇರ ಮಾತಿನಲ್ಲಿ ಆಡಲಾಗದ ದೂರನ್ನು, ಮನೆಯವರ ಅಥವಾ ನೆರೆಯವರ ನಡತೆಯಿಂದಾದ ನೋವನ್ನು ಅವರು ಹಾಡಿನಲ್ಲಿ ಇಡುತ್ತಾರೆ. ಸುತ್ತ ನಿಂತವರು ಪಲ್ಲವಿಯನ್ನು ಎತ್ತಿಕೊಂಡೊಡನೆ ಒಬ್ಬಳ ಅಳಲು ಊರಿನ ಅಳಲಾಗುತ್ತದೆ.

ಕ್ರಿಸ್‌ಮಸ್ ಕಾಲದ ವನಾರಾಗುವಾ ಇನ್ನೊಂದು ಬಗೆಯದು. ಬಿಳಿಯರ ಮುಖ ಬರೆದ ಜಾಲರಿ ಮುಖವಾಡ ಧರಿಸಿ, ಮೊಣಕಾಲಿಗೆ ಕವಡೆಗಳ ಗೆಜ್ಜೆ ಕಟ್ಟಿ, ಗಂಡಸರು ಮನೆಯಿಂದ ಮನೆಗೆ ಹೋಗಿ ಕುಣಿಯುತ್ತಾರೆ. ಹಿಂದಿನ ದೊರೆಗಳ ಠೀವಿಯ ಅಣಕ ಇದರಲ್ಲಿದೆ. ಇಲ್ಲಿ ನರ್ತಕನು ಮದ್ದಳೆಯನ್ನು ಅನುಸರಿಸುವುದಿಲ್ಲ. ಮದ್ದಳೆಯೇ ನರ್ತಕನನ್ನು ಅನುಸರಿಸುತ್ತದೆ. ಪ್ರಿಮೇರಾ ನುಡಿಸುವವನು ಅವನ ಪಾದಗಳಿಂದ ಕಣ್ಣು ಕೀಳದೆ ಒಂದೊಂದು ಹೆಜ್ಜೆಗೂ ಪೆಟ್ಟು ಕೊಡಬೇಕು. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ.

ಈಗ ತುರಿಯುವ ಕೆಲಸವನ್ನು ಬಹುಮಟ್ಟಿಗೆ ಯಂತ್ರ ವಹಿಸಿಕೊಂಡಿದೆ. ಅನೇಕರು ನ್ಯೂಯಾರ್ಕ್, ಲಾಸ್ ಏಂಜಲೀಸ್ ನಗರಗಳಿಗೆ ವಲಸೆ ಹೋಗಿದ್ದಾರೆ. ಕುಣಿತ ಉಳಿದೀತು, ಏಕೆಂದರೆ ಕಣ್ಣಿಗೆ ಹಬ್ಬವಾದುದಕ್ಕೆ ಪ್ರೇಕ್ಷಕರು ದೊರೆಯುತ್ತಾರೆ; ಭಾಷೆಯ ಗತಿ ಬೇರೆ. ಬೆಲೀಝಿನ ಆಂಡಿ ಪಲಾಸಿಯೋ ಎಂಬ ತರುಣ 1980ರಲ್ಲಿ ಸಾಕ್ಷರತಾ ಕಾರ್ಯಕ್ಕಾಗಿ ನಿಕರಾಗುವಕ್ಕೆ ಹೋದಾಗ, ಅಲ್ಲಿಯ ಗರಿಫುನಾ ಜನರಲ್ಲಿ ಭಾಷೆ ಕೆಲವು ವೃದ್ಧರ ಬಾಯಲ್ಲಿ ಮಾತ್ರ ಉಳಿದುದನ್ನು ಕಂಡನು. ಆ ಎಳೆಯ ವಯಸ್ಸಿನವನೊಬ್ಬ ತಮ್ಮ ನುಡಿಯನ್ನಾಡುವುದು ಆ ವೃದ್ಧರಿಗೆ ನಂಬಲಾಗದ ಸಂಗತಿಯಾಗಿತ್ತು. ಮುಂದೆ ಪಲಾಸಿಯೋ ಹೆಸರಾಂತ ಗಾಯಕನಾದನು. ಹಲವು ತಲೆಮಾರುಗಳ ಗಾಯಕರನ್ನು ಕೂಡಿಸಿಕೊಂಡು ಗರಿಫುನಾ ಭಾಷೆಯಲ್ಲಿ ಹಾಡಿದ ‘ವಾತಿನಾ’ ಧ್ವನಿಮುದ್ರಿಕೆ 2007ರಲ್ಲಿ ಪ್ರಕಟವಾಗಿ ಲೋಕವಿಖ್ಯಾತವಾಯಿತು; 2008ರ ಜನವರಿಯಲ್ಲಿ, 47ರ ಪ್ರಾಯದಲ್ಲೇ, ಅವನು ತೀರಿಕೊಂಡನು. ಯುನೆಸ್ಕೋ ಸಂಸ್ಥೆ 2001ರಲ್ಲಿ ಈ ಪರಂಪರೆಯನ್ನು ಮಾನವಕುಲದ ಅಮೂಲ್ಯ ಕೃತಿಗಳಲ್ಲೊಂದೆಂದು ಘೋಷಿಸಿದಾಗ ಶೀರ್ಷಿಕೆಯಲ್ಲಿ ಭಾಷೆಯನ್ನೇ ಮೊದಲು ಇರಿಸಿ, ನೃತ್ಯ ಸಂಗೀತಗಳನ್ನು ಅನಂತರ ಹೆಸರಿಸಿದ್ದು ಉಚಿತವೇ ಆಗಿದೆ.

ಅಧ್ಯಾಪಕ ಬಂಧುಗಳು ಗಮನಿಸತಕ್ಕ ಒಂದು ವಿಷಯವುಂಟು. ಬೆಲೀಝಿನ ಹಳ್ಳಿಶಾಲೆಗಳಲ್ಲಿ, ಮಾಯಾ ಜನರ ಊರುಗಳಲ್ಲಿ ಕೂಡ, ದೀರ್ಘಕಾಲ ಇಂಗ್ಲಿಷಿನಲ್ಲಿ ಪಾಠ ಹೇಳಿದವರಲ್ಲಿ ಗರಿಫುನಾ ಉಪಾಧ್ಯಾಯರು ಬಹಳ ಮಂದಿ. ಗರಿಫುನಾ ಜನರು ಆ ದೇಶಕ್ಕೆ ಬಂದಿಳಿದ ದಿನದ ಉತ್ಸವವನ್ನು 1941ರಲ್ಲಿ ಆರಂಭಿಸಿದ ಥಾಮಸ್ ವಿನ್ಸೆಂಟ್ ರಾಮೋಸ್ ಸಹ ಉಪಾಧ್ಯಾಯರೇ. ಪ್ರತಿವರ್ಷ ನವೆಂಬರ್ 19ರಂದು ದೋಣಿಗಳು ಮದ್ದಳೆಗಳೊಡನೆ ದಡಕ್ಕೆ ಬರುವ ಆ ದಿನ 1977ರಿಂದ ಇಡೀ ದೇಶಕ್ಕೆ ರಜಾದಿನ. ಇತರರ ಮಕ್ಕಳಿಗೆ ಪರಭಾಷೆಯನ್ನು ಕಲಿಸಿದ ಈ ಜನರು ತಮ್ಮ ಮಕ್ಕಳಿಗೆ ತಮ್ಮ ನುಡಿಯಲ್ಲೂ ಪಾಠ ನಡೆಸುವ ಪ್ರಾಥಮಿಕ ಶಾಲೆಯೊಂದನ್ನು ಡಂಗ್ರಿಗ ಪಟ್ಟಣದಲ್ಲಿ ತೆರೆದದ್ದು 2007ರಲ್ಲಿ. ಅಲ್ಲಿ ಇಂಗ್ಲಿಷ್, ಸ್ಪ್ಯಾನಿಷ್‌ಗಳ ಜೊತೆಗೆ ಗರಿಫುನಾ ಭಾಷೆಯನ್ನೂ ಕಲಿಸುತ್ತಾರೆ. ಶಾಲೆಗೆ ಇಟ್ಟಿರುವುದು ಗುಲಿಸಿಯ ಹೆಸರನ್ನು. ಆಕೆ ಚಟೋಯರನ ಮಗಳೆಂದು ಪ್ರತೀತಿ.